ಹಲ್ಲು ಕಚ್ಚಿ ಹಿಡಿದ ಹಾಯಿಗಳು

ಆಗಸ್ಟ್ ತಿಂಗಳ ಮೊದಲ ವಾರ. 1920ರ ದಶಕದ ಉತ್ತರಾರ್ಧದ ಯಾವ ವರ್ಷವಾದರೂ ಆಗಬಹುದು. ನೈಋತ್ಯದ ಗಾಳಿ ಬೆಳಗಿನಿಂದಲೇ ಬಿರುಸಾಗಿದೆ. ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಸಿಕ್ಕಿಕೊಂಡಿರುವ ಸೋಲೆಂಟ್ ಎಂಬ ಕಿರುಗಡಲು ಬೂದು ಬೆರೆತ ಹಸಿರಿಗೆ ತಿರುಗಿದೆ. ನೀರಿನ ಸೆಳೆತ ಒಂದು ಕಡೆಗೆ, ಗಾಳಿ ಅದರ ಎದುರಿಗೆ. ಹಾಗಾಗಿ ಅಲೆಗಳು ದೊಡ್ಡವಲ್ಲದಿದ್ದರೂ ಕಡಿದಾಗಿ, ಒತ್ತೊತ್ತಾಗಿ ಏಳುತ್ತಿವೆ. ಅವುಗಳ ನಡುವೆ ಒಂದು ಪುಟ್ಟ ಮೋಟಾರು ದೋಣಿ. ಅದರಲ್ಲಿ ನಲವತ್ತು ದಾಟಿದ ಒಬ್ಬ ಮನುಷ್ಯ ಕಾಲು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು ನಿಂತಿದ್ದಾನೆ. ಎರಡು ಕೈಗಳಲ್ಲೂ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯ ಮುಂಭಾಗದಲ್ಲಿ ಒಂದರ ಕೆಳಗೊಂದು ಎರಡು ಮಸೂರಗಳು. ಅದರಿಂದ ಹೊರಟ ರಬ್ಬರಿನ ಕೊಳವೆ ನೇರ ಅವನ ಬಾಯಿಗೆ ಹೋಗಿದೆ. ಕೊಳವೆಯ ತುದಿಯ ರಬ್ಬರ್ ಉಂಡೆಯನ್ನು ಹಲ್ಲುಗಳ ನಡುವೆ ಹಿಡಿದುಕೊಂಡಿದ್ದಾನೆ.

ಅವನ ಎದುರಿಗೆ, ಗಾಳಿಗೆ ವಾಲಿಕೊಂಡು ಬರುತ್ತಿರುವ ಹಾಯಿನೌಕೆ ಲಲ್‌ವರ್ತ್. ಬಿಳಿಯ ಒಡಲು, ಒಡಲಿನಿಂದ ಹಿಂದಕ್ಕೂ ಚಾಚಿಕೊಂಡ ಉದ್ದನೆಯ ಬೂಮ್ ಎಂಬ ಅಡ್ಡಮರ, ಅದರ ಮೇಲೆ ಮುಗಿಲಿಗೆ ಒರಗಿದ ಹಾಯಿಗಳ ರಾಶಿ. ಅಂಚು ನೀರಿನಲ್ಲಿ ಅದ್ದಿಹೋಗಿ, ಹಾದಿಯುದ್ದಕ್ಕೂ ನೊರೆ ಕಿತ್ತೆಸೆಯುತ್ತಾ ಬರುತ್ತಿದೆ. ಡೆಕ್ಕಿನ ಮೇಲೆ ಬಿಳಿ ಉಡುಪಿನ ಇಪ್ಪತ್ತು ಮೂವತ್ತು ನಾವಿಕರು ಗಾಳಿಬದಿಯ ಅಂಚಿಗೆ ಅಂಟಿ ಮಲಗಿದ್ದಾರೆ. ಈ ಪುಟ್ಟ ದೋಣಿ ಈಗ ಹಾದಿ ಬಿಡಬೇಕು, ಬಿಡುತ್ತಿಲ್ಲ. ನಿಂತವನು ಕಾಯುತ್ತಿದ್ದಾನೆ. ಮೂತಿಯ ಅಲೆ ಒಡೆಯಬೇಕು, ಮುಂದಿನ ಹಾಯಿಯ ಅಂಚಿನ ನೆರಳು ದೊಡ್ಡ ಹಾಯಿಯ ಮೇಲೆ ಸರಿಯಾಗಿ ಬೀಳಬೇಕು, ತನ್ನ ದೋಣಿ ಒಂದು ಅಲೆಯ ನೆತ್ತಿಯ ಮೇಲೆ ಒಂದೇ ಗಳಿಗೆ ನಿಶ್ಚಲವಾಗಬೇಕು. ಮೂರೂ ಕೂಡಿದಾಗ ಅವನು ಹಲ್ಲು ಕಚ್ಚುತ್ತಾನೆ. ಉಂಡೆಯೊಳಗಿನ ಗಾಳಿ ಒತ್ತಿದಂತೆ ಶಟರ್ ತೆರೆದು ಮುಚ್ಚುತ್ತದೆ. ಗಾಜಿನ ಫಲಕದ ಮೇಲೆ ಲಲ್‌ವರ್ತ್ ಕೂತುಬಿಡುತ್ತದೆ.

ಹಲ್ಲು ಕಚ್ಚಿದವನ ಹೆಸರು ಫ್ರಾಂಕ್ ಬೀಕನ್. ಕಸುಬಿನಲ್ಲಿ ಔಷಧಿ ಅಂಗಡಿಯವನು.

ಅಪ್ಪ ಆಲ್ಫ್ರೆಡ್ ಎಡ್ವರ್ಡ್ ಬೀಕನ್ 1888ರಲ್ಲಿ ಕ್ಯಾಂಟರ್ಬರಿ ಬಿಟ್ಟು, ಐಲ್ ಆಫ್ ವೈಟ್‌ನ ಉತ್ತರ ತುದಿಯ ಕೌಸ್ ಎಂಬ ಊರಿಗೆ ಬಂದು ಔಷಧಿ ಅಂಗಡಿಯೊಂದನ್ನು ಕೊಂಡ. ಹುಡುಗ ಫ್ರಾಂಕನಿಗೆ ಆಗ ಎಂಟು ವರ್ಷ. ಆ ಊರಿನಲ್ಲಿ ಬೆಳೆಯುವ ಹುಡುಗ ಹಾಯಿನೌಕೆಗಳನ್ನು ನೋಡದೆ ಇರುವುದು ಸಾಧ್ಯವೇ ಇರಲಿಲ್ಲ. ಮೆಡಿನಾ ಎಂಬ ಸಣ್ಣ ನದಿ ಸಮುದ್ರ ಸೇರುವ ಜಾಗ ಅದು. ನದಿಯ ಆಚೆದಡದಲ್ಲಿ ವಿಕ್ಟೋರಿಯಾ ರಾಣಿಯ ಬೇಸಗೆ ಅರಮನೆ ಆಸ್ಬೋರ್ನ್. ಈಚೆದಡದಲ್ಲಿ ಹಳೆಯ ಕೋಟೆಯೊಂದರಲ್ಲಿ ಬೀಡುಬಿಟ್ಟ ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಕ್ಲಬ್ಬು. ಅದರ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಕೂತ ಹಿತ್ತಾಳೆಯ ಪುಟ್ಟ ಫಿರಂಗಿಗಳು ಗುಡುಗಿದರೆ ಪಂದ್ಯ ಶುರು ಎಂದು ಅರ್ಥ. 1826ರಿಂದ ಆಗಸ್ಟ್‌ನಲ್ಲಿ ಅಲ್ಲಿ ಪಂದ್ಯಗಳು ನಡೆಯುತ್ತ ಬಂದಿವೆ. 1851ರ ಆಗಸ್ಟ್ 22ರಂದು ಅಟ್ಲಾಂಟಿಕ್ ದಾಟಿ ಬಂದ 'ಅಮೆರಿಕ' ಎಂಬ ಸ್ಕೂನರ್ ಬಗೆಯ ನೌಕೆ ದ್ವೀಪವನ್ನು ಸುತ್ತಿ, ಆತಿಥೇಯರ ನೌಕೆಗಳನ್ನೆಲ್ಲ ಹಿಂದಿಕ್ಕಿ ಬೆಳ್ಳಿಯ ಹೂಜಿಯೊಂದನ್ನು ಒಯ್ದದ್ದೂ ಇಲ್ಲಿಂದಲೇ. ಅಮೆರಿಕಾಸ್ ಕಪ್ ಎಂಬ ಹೆಸರು ಆ ಹೂಜಿಗೆ ಬಂದದ್ದು ಆ ನೌಕೆಯಿಂದ.

ಹೀಗಾಗಿ ಬೀಕನ್ ಅಂಗಡಿಯ ಗಿರಾಕಿಗಳಲ್ಲಿ ರಾಜಮನೆತನದವರೂ ಇದ್ದರು, ಅವರ ನೌಕೆಗಳ ಹಗ್ಗ ಎಳೆದು ಅಂಗೈ ಸುಲಿದುಕೊಂಡವರೂ ಇದ್ದರು. ಔಷಧಿ ಕೊಡುತ್ತಲೇ ಫ್ರಾಂಕ್ ಕಿಟಕಿಯಾಚೆ ನೋಡುತ್ತಿದ್ದ. ಛಾಯಾಗ್ರಹಣಕ್ಕೆ ಬೇಕಾದ ರಾಸಾಯನಿಕಗಳ ಅರಿವು ಔಷಧಿಕಾರನಿಗೆ ಮನೆಯ ಸೊತ್ತು. ಆ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ಔಷಧಿ ಅಂಗಡಿಯವನೇ ಫೋಟೊ ಸಾಮಾನಿನ ವ್ಯಾಪಾರಿಯೂ ಆಗಿರುತ್ತಿದ್ದ.

ತೊಂದರೆ ಇದ್ದದ್ದು ಕ್ಯಾಮೆರಾದ್ದು. ಆಗಿನ ಕ್ಯಾಮೆರಾಗಳು ಮುಕ್ಕಾಲಿಯ ಮೇಲೆ ಕೂತು, ಕಪ್ಪು ಬಟ್ಟೆಯ ಒಳಗೆ ತಲೆ ತೂರಿಸಿದವನ ಅಪ್ಪಣೆಗೆ ಕಾಯುವಂಥವು. ಮದುವೆ ಗುಂಪಿಗೆ ಅವು ಸೈ. ದೋಣಿಯಲ್ಲಿ ಮುಕ್ಕಾಲಿ ನಿಲ್ಲುವುದಿಲ್ಲ. ಕಪ್ಪು ಬಟ್ಟೆ ಗಾಳಿಗೆ ಹಾರಿಹೋಗುತ್ತದೆ. ಚರ್ಮದ ಮಡಿಕೆಗಳ ಚೀಲಕ್ಕೆ ಉಪ್ಪುನೀರು ತಾಗಿದರೆ ಬೇಗ ಕೊಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ತೆಗೆಯಬೇಕಾದದ್ದು ನಿಲ್ಲುವುದಿಲ್ಲ, ತೆಗೆಯುವವನ ಕಾಲ ಕೆಳಗಿನ ನೆಲವೂ ನಿಲ್ಲುವುದಿಲ್ಲ.

ಫ್ರಾಂಕ್ ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡ. ಎರಡು ಅಂತಸ್ತಿನ ಮರದ ಪೆಟ್ಟಿಗೆ. ಮೇಲಿನ ಅಂತಸ್ತು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಒಂದೇ ಬಗೆಯ ಎರಡು ಮಸೂರಗಳಾದ್ದರಿಂದ ಮೇಲೆ ಕಂಡದ್ದೇ ಕೆಳಗಿನ ಗಾಜಿನ ಫಲಕದ ಮೇಲೂ ಬೀಳುತ್ತದೆ. ಅಲೆಯ ಮೇಲೆ ಇಂಥ ಪೆಟ್ಟಿಗೆಯನ್ನು ಹದವಾಗಿ ಹಿಡಿಯಲು ಎರಡೂ ಕೈ ಬೇಕು. ಶಟರ್ ಒತ್ತಲು ಮೂರನೆಯ ಕೈ ಇಲ್ಲ. ಉಳಿದದ್ದು ಹಲ್ಲು. ಕೇಳಿದರೆ ನಗು ಬರಬಹುದು. ಆದರೆ ಬೆರಳಿನಿಂದ ಒತ್ತಿದಾಗ ಕ್ಯಾಮೆರಾ ತುಸುವಾದರೂ ಅಲುಗುತ್ತದೆ, ಹಲ್ಲಿನಿಂದ ಒತ್ತಿದರೆ ಪೆಟ್ಟಿಗೆಗೆ ಸುದ್ದಿಯೇ ಮುಟ್ಟುವುದಿಲ್ಲ. ದಶಕಗಳ ಕಾಲ ಫ್ರಾಂಕ್, ಆಮೇಲೆ ಅವನ ಮಗ ಕೀತ್, ಇಬ್ಬರೂ ಅದೇ ಬಗೆಯ ಪೆಟ್ಟಿಗೆಯಲ್ಲಿ, ಹಾಗೆಯೇ ಹಲ್ಲು ಕಚ್ಚಿ, ಕೆಲಸ ಮಾಡಿದರು. ಇವತ್ತಿನ ಯಾವ ಕ್ಯಾಮೆರಾ ಕಂಪನಿಯೂ ಒಂದೇ ಕೆಲಸಕ್ಕೆ, ಒಂದೇ ನೀರಿಗೆ, ಒಬ್ಬನ ಮೈಕಟ್ಟಿಗೆ ಅಳೆದು ಕ್ಯಾಮೆರಾ ಮಾಡಿಕೊಡಲಾರದು.

ಒಂದು ಸಲಕ್ಕೆ ಒಂದೇ ಫಲಕ. ಕಚ್ಚಿದ ಮೇಲೆ ಅದನ್ನು ತೆಗೆದು, ಇನ್ನೊಂದನ್ನು ಹಾಕುವಷ್ಟರಲ್ಲಿ ನೌಕೆ ದಾಟಿಹೋಗಿರುತ್ತದೆ. ಗಾಜು ಭಾರ, ದೋಣಿಯಲ್ಲಿ ಒಯ್ಯಬಹುದಾದದ್ದು ಕೆಲವೇ ಕೆಲವು. ಹಾಗಾಗಿ ತೆಗೆಯುವುದಕ್ಕಿಂತ ತೆಗೆಯದೆ ಇರುವುದೇ ಹೆಚ್ಚು. ನೌಕೆ ಎಲ್ಲಿ ತಿರುಗುತ್ತದೆ, ಯಾವ ನಾಯಕ ತೀರಕ್ಕೆ ಒತ್ತರಿಸಿ ಹೋಗುತ್ತಾನೆ, ಗಾಳಿ ಯಾವ ಗುಡ್ಡದ ಹಿಂದಿನಿಂದ ತಟಕ್ಕನೆ ಬೀಸುತ್ತದೆ ಎಂಬುದೆಲ್ಲ ಮೊದಲೇ ಗೊತ್ತಿದ್ದರೆ ಮಾತ್ರ ಅಲ್ಲಿ ಹೋಗಿ ಕಾಯಬಹುದು. ಹಾಯಿಯ ವಿದ್ಯೆ ಗೊತ್ತಿಲ್ಲದ ಛಾಯಾಗ್ರಾಹಕನಿಗೆ ಅಲ್ಲಿ ಸಿಗುವುದು ಬೆನ್ನಿನ ಚಿತ್ರ ಮಾತ್ರ. ಬೀಕನ್‌ನ ಫಲಕಗಳಲ್ಲಿ ನೌಕೆಗಳು ಮುಂದಿನಿಂದ, ಓರೆಯಾಗಿ, ನೀರಿಗೆ ಸಮನಾದ ಎತ್ತರದಿಂದ ಕಾಣುತ್ತವೆ. ಕ್ಯಾಮೆರಾ ತಗ್ಗಿನಲ್ಲಿರುವುದರಿಂದ ಹಾಯಿಗಳು ಇನ್ನಷ್ಟು ಎತ್ತರಕ್ಕೆ ಏರುತ್ತವೆ, ಎದುರಿನ ಅಲೆಯೂ ಅಲೆಯಾಗಿಯೇ ಉಳಿಯುತ್ತದೆ. ಈಗಿನ ಪಂದ್ಯಗಳ ಮೇಲೆ ಹಾರುವ ಡ್ರೋನುಗಳ ಚಿತ್ರ ನೋಡಿದರೆ ಸಮುದ್ರವೆಂಬುದು ನೀಲಿ ಜಮಖಾನೆ ಅಷ್ಟೆ. ಮೇಲಿನಿಂದ ನೋಡಿದವರಿಗೆ ಗಾಳಿ ಕಾಣುವುದಿಲ್ಲ ಎಂದೇ ನನಗೆ ಅನಿಸುವುದು.

ಅವನ ಕ್ಯಾಮೆರಾದ ಮುಂದೆ ಹಾಯದ ಹಡಗು ಕಡಿಮೆ. 1912ರ ಏಪ್ರಿಲ್ 10ರಂದು ಸೌತಾಂಪ್ಟನ್‌ನಿಂದ ಹೊರಟು ಸೋಲೆಂಟ್ ದಾಟುತ್ತಿದ್ದ ಟೈಟಾನಿಕ್ ಕೂಡ ಅವನ ಫಲಕದಲ್ಲಿ ಇದೆ. ಲೋಕಕ್ಕೆ ಅದೇ ದೊಡ್ಡ ಸುದ್ದಿ. ಅವನ ಕಣ್ಣು ನೆಟ್ಟಿದ್ದು ಮಾತ್ರ ಮರದ ಮೈ, ಹತ್ತಿಯ ಹಾಯಿಗಳ ಮೇಲೆ.

ಅದರಲ್ಲೂ ಬ್ರಿಟಾನಿಯಾ. ಜಾರ್ಜ್ ಲೆನಾಕ್ಸ್ ವಾಟ್ಸನ್ ರೂಪಿಸಿ, ಗ್ಲಾಸ್ಗೊದಲ್ಲಿ ಕಟ್ಟಿ 1893ರಲ್ಲಿ ನೀರಿಗಿಳಿಸಿದ ಈ ನೌಕೆ ಮೊದಲು ಏಳನೆಯ ಎಡ್ವರ್ಡ್ ಯುವರಾಜನಾಗಿದ್ದಾಗ ಅವನದು, ಆಮೇಲೆ ಮಗ ಐದನೆಯ ಜಾರ್ಜ್‌ನದು. ಕಪ್ಪು ಒಡಲು, ಸುಮಾರು ಹತ್ತು ಸಾವಿರ ಚದರಡಿ ಹಾಯಿ. 635 ಪಂದ್ಯಗಳಲ್ಲಿ ಓಡಿ 231ರಲ್ಲಿ ಮೊದಲು ಬಂತು. ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ. ತನ್ನ ನಂತರ ಅದು ಯಾರ ಕೈಗೋ ಸಿಕ್ಕು ಹಾಳಾಗಬಾರದೆಂಬುದು ಅವನ ಇಚ್ಛೆಯಾಗಿತ್ತು. ಕೂವೆಮರ, ಹಗ್ಗ, ರಾಟೆ, ಪೀಠೋಪಕರಣಗಳನ್ನೆಲ್ಲ ಕಳಚಿ, ಬರಿಯ ಒಡಲನ್ನು ಅದೇ ಜುಲೈ 10ರ ನಸುಕಿನಲ್ಲಿ ದ್ವೀಪದ ದಕ್ಷಿಣಕ್ಕೆ, ಸೇಂಟ್ ಕ್ಯಾಥರೀನ್ಸ್ ಪಾಯಿಂಟ್ ಆಚೆಗೆ ಎಳೆದೊಯ್ದು ಮುಳುಗಿಸಿದರು. ನಲವತ್ತು ವರ್ಷ ಓಡಿದ ನೌಕೆಗೆ ಇದು ಗೌರವವೋ ಸ್ವಾರ್ಥವೋ ಎಂದು ಇಂದಿಗೂ ಜಗಳವಿದೆ. ನನ್ನ ಓಟು ಎರಡನೆಯದಕ್ಕೆ. ಕೈಯಲ್ಲಿ ಇಟ್ಟುಕೊಳ್ಳಲಾಗದ್ದನ್ನು ಮುಳುಗಿಸುವ ಹಕ್ಕು ಇರುವುದು ರಾಜರಿಗೆ ಮಾತ್ರ. ಕಟ್ಟಿದ ಬಡಗಿಯನ್ನು ಯಾರು ಕೇಳಿದರು?

ಅಂದಹಾಗೆ ಬಡಗಿಗಳ, ನಾವಿಕರ ವಿಷಯ. ನೌಕೆಗಳ ಚರಿತ್ರೆಯ ಪುಸ್ತಕಗಳಲ್ಲಿ ದೊರೆಗಳ, ಚಹಾ ವ್ಯಾಪಾರಿಗಳ, ಬ್ಯಾಂಕರುಗಳ ಹೆಸರುಗಳೇ. ಆದರೆ ಈ ದೊಡ್ಡ ನೌಕೆಗಳನ್ನು ಓಡಿಸುತ್ತಿದ್ದವರಲ್ಲಿ ಅನೇಕರು ಎಸೆಕ್ಸ್ ತೀರದ ಟೋಲ್ಸ್‌ಬರಿ, ಬ್ರೈಟ್ಲಿಂಗ್‌ಸೀ, ವಿವನ್‌ಹೋಗಳಂಥ ಹಳ್ಳಿಗಳ ಮೀನುಗಾರರು. ಚಳಿಗಾಲವೆಲ್ಲ ಮೀನು ಹಿಡಿದು, ಬೇಸಗೆಯಲ್ಲಿ ಬಿಳಿ ಅಂಗಿ ತೊಟ್ಟು ಸಾಹುಕಾರರ ಹಾಯಿ ಎಳೆಯಲು ಬರುತ್ತಿದ್ದರು. ಮಾಲೀಕ ಚಿತ್ರ ಕೊಳ್ಳುತ್ತಿದ್ದುದು ತನ್ನ ನೌಕೆಯ ಅಂದಕ್ಕೆ. ಅದರಲ್ಲಿ ಇವರೂ ಬಂದು ಕೂತಿದ್ದಾರೆ. ಫಲಕವನ್ನು ದೊಡ್ಡದು ಮಾಡಿ ನೋಡಿದರೆ ಒಬ್ಬನ ಬಾಯಲ್ಲಿ ಪೈಪು, ಇನ್ನೊಬ್ಬ ಹಗ್ಗದ ಸುರುಳಿಯ ಮೇಲೆ ಮೊಣಕಾಲೂರಿದ್ದಾನೆ, ಮತ್ತೊಬ್ಬ ನಮ್ಮನ್ನೇ ದಿಟ್ಟಿಸುತ್ತಿದ್ದಾನೆ. ಹೆಸರಿಲ್ಲ, ಮುಖವಿದೆ. ಮುಂದೆ ಈ ನೌಕೆಗಳಿಗೆ ಜೀವ ಬರುವ ಹೊತ್ತಿಗೆ ಸಾಹುಕಾರರ ಲೆಕ್ಕಪುಸ್ತಕಗಳಿಗಿಂತ ಇವರು ಕೂತ ಭಂಗಿಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ಆ ಮಾತಿಗೆ ಬರುವ ಮೊದಲು ಒಂದು ಸಾವಿನ ಕತೆ ಹೇಳಬೇಕು.

ಎರಡನೆಯ ಮಹಾಯುದ್ಧ ಬಂತು. 1942ರ ಮೇ ತಿಂಗಳ ಒಂದು ರಾತ್ರಿ ಜರ್ಮನ್ ವಿಮಾನಗಳು ಕೌಸ್ ಮೇಲೆ ಬಾಂಬು ಸುರಿದವು. ದುರಸ್ತಿಗೆಂದು ಅಲ್ಲಿದ್ದ ಪೋಲೆಂಡಿನ ಯುದ್ಧನೌಕೆ ಬ್ಲಿಸ್ಕವೀತ್ಸಾ ರಾತ್ರಿಯಿಡೀ ಗುಂಡು ಹಾರಿಸಿ ಊರನ್ನು ಕಾಯಿತು. ಬೀಕನ್‌ನ ಗಾಜಿನ ಫಲಕಗಳು ಉಳಿದವು. ನೌಕೆಗಳಿಗೆ ಆ ಭಾಗ್ಯವಿರಲಿಲ್ಲ. ಯುದ್ಧಕ್ಕೆ ಲೋಹ ಬೇಕಿತ್ತು, ಅವುಗಳಲ್ಲಿ ಹಲವುಗಳ ಅಡಿಯ ಸೀಸವನ್ನು ಕಿತ್ತುಕೊಂಡರು. ಯುದ್ಧದ ನಂತರ ಮೂವತ್ತು ನಾವಿಕರನ್ನು ಸಾಕುವ ಸಾಹುಕಾರರೂ ಉಳಿಯಲಿಲ್ಲ. ಹಾಯಿಯೂ ಕೂವೆಮರವೂ ಇಲ್ಲದ ಒಡಲುಗಳನ್ನು ನದೀಮುಖಗಳ ಕೆಸರಿಗೆ ಎಳೆದು ನಿಲ್ಲಿಸಿದರು. ಮನೆಗಳ ಅಭಾವದ ದಿನಗಳಲ್ಲಿ ಜನ ಅವುಗಳಲ್ಲಿ ಸಂಸಾರ ಹೂಡಿದರು. ಲಲ್‌ವರ್ತ್ 1947ರಲ್ಲಿ ಗುಜರಿಗೆ ಹೋಗುವುದರಿಂದ ಪಾರಾಗಿ, ಹ್ಯಾಂಬಲ್ ನದಿಯ ಕೆಸರಿನಲ್ಲಿ ಒಂದು ದಂಪತಿಯ ಮನೆಯಾಯಿತು. 1911ರ ಮಾರಿಕೀಟಾ ಎಂಬ ಸೊಗಸಿನ ನೌಕೆ ಸಫೋಕ್ ತೀರದ ಪಿನ್ ಮಿಲ್‌ನಲ್ಲಿ ಮನೆದೋಣಿಯಾಗಿ, ಕೊನೆಗೆ ಕೆಸರಿನಲ್ಲಿ ಕುಸಿದು ಕೂತಿತು.

ಇದನ್ನು ಅವಮಾನವೆಂದು ಬರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ರಾಜ ಮುಳುಗಿಸಿದ ನೌಕೆ ಸಮುದ್ರದ ತಳದಲ್ಲಿದೆ. ಬಟ್ಟೆ ಒಣಹಾಕಿ, ಒಲೆ ಹೊತ್ತಿಸಿ, ಸೋರಿದಲ್ಲಿ ಟಾರು ಮೆತ್ತಿ ಸಂಸಾರ ಮಾಡಿದವರ ನೌಕೆ ಇಂದು ಓಡುತ್ತಿದೆ.

ಮರದ ನೌಕೆ ಸಾಯುವುದು ಸಮುದ್ರದಿಂದಲ್ಲ, ಮಳೆಯಿಂದ. ಇದು ನೌಕೆ ಕಟ್ಟುವವರೆಲ್ಲರಿಗೂ ಗೊತ್ತಿರುವ ಸಂಗತಿ. ಉಪ್ಪುನೀರು ಮರವನ್ನು ಒಂದು ಮಟ್ಟಿಗೆ ಕಾಯುತ್ತದೆ. ಡೆಕ್ಕಿನ ಬಿರುಕಿನಿಂದ ಇಳಿದ ಸಿಹಿನೀರು ಗಾಳಿಯಾಡದ ಮೂಲೆಯಲ್ಲಿ ನಿಂತರೆ ಅಲ್ಲಿ ಬೂಷ್ಟು ಹಿಡಿಯುತ್ತದೆ. ಹಲಗೆ ಹೊರಗೆ ಬಣ್ಣ ಹೊಳೆಯುತ್ತ, ಒಳಗೆ ಬೆರಳು ಇಳಿಯುವಷ್ಟು ಮೆದುವಾಗಿರುತ್ತದೆ. ಬೆಚ್ಚನೆಯ ಸಮುದ್ರಗಳಲ್ಲಾದರೆ ಹಡಗುಹುಳು ಬೇರೆ. ಕಬ್ಬಿಣದ ಮೊಳೆ ಬಡಿದಿದ್ದರೆ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ಮೊಳೆಯೂ ಹೋಗುತ್ತದೆ, ಮೊಳೆ ಹಿಡಿಯಬೇಕಾದ ಮರವೂ ಹೋಗುತ್ತದೆ. ಆಮೇಲೆ ಒಡಲು ತನ್ನದೇ ಭಾರಕ್ಕೆ ಎರಡು ತುದಿಗಳಲ್ಲಿ ಜಗ್ಗಿ, ನಡುವೆ ಗೂನು ಬೀಳುತ್ತದೆ. ಹೊಸದಾಗಿದ್ದಾಗ ಅದರ ಬಾಗು ಎಷ್ಟಿತ್ತು ಎಂಬುದು ಆಗ ಆ ಒಡಲಿಗೇ ಮರೆತುಹೋಗಿರುತ್ತದೆ.

ಅದನ್ನು ನೆನಪಿಸಬೇಕಾದವರು ಎರಡು ಕಡೆ ಹೋಗುತ್ತಾರೆ. ಒಂದು, ನಕ್ಷೆಗಳು ಉಳಿದಿದ್ದರೆ ನಕ್ಷೆಗಳ ಬಳಿಗೆ. ಎರಡು, ಬೀಕನ್‌ನ ಫಲಕಗಳ ಬಳಿಗೆ.

ಹಳೆಯ ನೌಕೆಗಳ ಪುನರುಜ್ಜೀವನದ ಗಾಳಿ ಎದ್ದದ್ದು 1980ರ ದಶಕದಲ್ಲಿ. ಹಳೆಯ ಫೆರಾರಿ ಕಾರುಗಳನ್ನು ಕೂಡಿಹಾಕಿ ಒಪ್ಪ ಮಾಡಿಸುತ್ತಿದ್ದ ಆಲ್ಬರ್ಟ್ ಓಬ್ರಿಸ್ಟ್ ಎಂಬ ಸ್ವಿಸ್ ಮನುಷ್ಯ 1985ರಲ್ಲಿ ಆಲ್ಟೇರ್ ಎಂಬ ಸ್ಕೂನರ್ ಕೊಂಡ. ಸ್ಕಾಟ್ಲೆಂಡಿನ ಫೇರ್ಲಿ ಎಂಬ ಹಳ್ಳಿಯ ಮೂರನೆಯ ವಿಲಿಯಂ ಫೈಫ್ 1931ರಲ್ಲಿ ಕಟ್ಟಿದ ನೌಕೆ ಅದು. ಫೈಫ್ ಮನೆತನದ್ದು ನೌಕೆ ಕಟ್ಟುವುದರಲ್ಲಿ ದೊಡ್ಡ ಹೆಸರು. ಮೂತಿಯಲ್ಲಿ ಚಿನ್ನದ ಬಣ್ಣದ ಡ್ರ್ಯಾಗನ್ ತಲೆ ಕೆತ್ತಿದ್ದರೆ ಅದು ಅವರದೇ ಎಂದು ದೂರದಿಂದಲೇ ಹೇಳಬಹುದು. ಹಳೆಯ ನೌಕೆ ಎಂದರೆ ಹೊಸ ಯಂತ್ರ, ಹೊಸ ಅಲ್ಯೂಮಿನಿಯಂ ಕೂವೆ ಹಾಕಿ ಒಳಗೆಲ್ಲ ಕೆಡವಿ ಕಟ್ಟುವುದು ಆಗಿನ ರೂಢಿ. ಓಬ್ರಿಸ್ಟ್ ಹಟ ಹಿಡಿದ: 1931ರಲ್ಲಿ ಹೇಗಿತ್ತೋ ಹಾಗೆಯೇ ಆಗಬೇಕು. ಸೌತಾಂಪ್ಟನ್‌ನಲ್ಲಿ ಕೆಲಸ ನಡೆದು 1987ರಲ್ಲಿ ಆಲ್ಟೇರ್ ಹೊರಬಂದಾಗ ಲೋಕ ಬೆರಗಾಯಿತು. ಆ ಬೆರಗಿನ ಬೆನ್ನಿಗೇ ಹ್ಯಾಂಬಲ್ ನದಿಯ ದಡದಲ್ಲಿ ಫೇರ್ಲಿ ರೆಸ್ಟೊರೇಷನ್ಸ್ ಎಂಬ ಕಾರ್ಖಾನೆ ಹುಟ್ಟಿತು. 1909ರ ಟುಯಿಗಾ ಅಲ್ಲಿ ಮರುಜನ್ಮ ಪಡೆದು ಮೊನಾಕೋದ ಯಾಟ್ ಕ್ಲಬ್ಬಿನ ಧ್ವಜನೌಕೆಯಾಯಿತು. ಪಿನ್ ಮಿಲ್‌ನ ಕೆಸರಿನಿಂದ ಎತ್ತಿ ತಂದ ಮಾರಿಕೀಟಾ 2004ರಲ್ಲಿ ಮತ್ತೆ ನೀರಿಗಿಳಿಯಿತು. ಲಲ್‌ವರ್ತ್‌ ಇಟಲಿಯ ವಿಯರೆಜ್ಜೊದಲ್ಲಿ ವರ್ಷಗಟ್ಟಲೆ ಬಿಚ್ಚಿಸಿಕೊಂಡು, ಕಟ್ಟಿಸಿಕೊಂಡು 2006ರಲ್ಲಿ ಹಾಯಿ ಬಿಚ್ಚಿತು.

ಇಂಥ ಕಾರ್ಖಾನೆಯ ಒಳಗಿನ ನೋಟ ಹೀಗೆ. ಬೆಳಕು ಸುರಿಯುವ ಉದ್ದನೆಯ ಕೊಟ್ಟಿಗೆ. ನಡುವೆ ಆಧಾರದ ಕಂಬಗಳ ಮೇಲೆ ನಿಂತ ಒಡಲು, ಅರ್ಧ ಹಲಗೆ ಕಳಚಿ ಪಕ್ಕೆಲುಬು ತೋರಿಸುತ್ತಿದೆ. ಎಲ್ಲ ಹಲಗೆಗಳನ್ನೂ ಒಟ್ಟಿಗೆ ಕೀಳುವಂತಿಲ್ಲ, ಕಿತ್ತರೆ ಒಡಲು ಆಕಾರ ಬಿಟ್ಟು ಅಗಲವಾಗಿಬಿಡುತ್ತದೆ. ಒಂದು ತೆಗೆದು, ಅದರ ಜಾಗಕ್ಕೆ ಹೊಸದು ಕೂರಿಸಿ, ಮುಂದಿನದಕ್ಕೆ ಕೈ ಹಾಕಬೇಕು. ಗೋಡೆಯ ಪಕ್ಕದಲ್ಲಿ ಉದ್ದನೆಯ ಮರದ ಪೆಟ್ಟಿಗೆ, ಅದರ ಸಂದುಗಳಿಂದ ಹಬೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆಯ ಹಬೆ ಎಂಬುದು ಹಳೆಯ ಲೆಕ್ಕ. ಹದವಾಗಿ ಬೆಂದ ಓಕ್ ಪಟ್ಟಿಯನ್ನು ಇಬ್ಬರು ಕೈಗವಸು ತೊಟ್ಟು ಓಡೋಡಿ ತಂದು, ಮೂರನೆಯವನು ಬಿಗಿಯುವಷ್ಟರಲ್ಲಿ ಬಾಗಿಸಿಬಿಡಬೇಕು. ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕುವವನು ಇನ್ನೊಂದು ಮೂಲೆಯಲ್ಲಿ ಕೂತಿದ್ದಾನೆ. ಅವನ ಮರದ ಸುತ್ತಿಗೆಗೆ ಒಂದು ವಿಶೇಷ ನಾದವಿದೆ. ಸಂದು ತುಂಬುತ್ತ ಬಂದಂತೆ ನಾದ ಬಿಗಿಯಾಗುತ್ತದೆ, ಕಿವಿಯಿಂದಲೇ ಅವನು ನಿಲ್ಲಿಸಬೇಕಾದ ಜಾಗ ತಿಳಿಯುತ್ತಾನೆ. ಹತ್ತಿ ಜಾಸ್ತಿಯಾದರೆ ನೀರಿಗಿಳಿದು ಹಲಗೆ ಉಬ್ಬಿದಾಗ ಮೊಳೆಗಳೇ ಕಿತ್ತುಬರಬಹುದು.

ಆ ಕೊಟ್ಟಿಗೆಯ ಮೇಜಿನ ಮೇಲೆ, ನಕ್ಷೆಗಳ ಪಕ್ಕದಲ್ಲಿ, ಕೌಸ್‌ನಿಂದ ತರಿಸಿದ ದೊಡ್ಡ ಪ್ರಿಂಟುಗಳು ಇರುತ್ತವೆ. ಅವುಗಳನ್ನು ಓದುವುದು ಒಂದು ಪ್ರತ್ಯೇಕ ವಿದ್ಯೆ. ನೌಕೆ ವಾಲಿದ ಬದಿಯಿಂದ ತೆಗೆದ ಚಿತ್ರವಾದರೆ ಡೆಕ್ಕು ನಮ್ಮ ಕಡೆಗೇ ತಿರುಗಿರುತ್ತದೆ. ಬೆಳಕಿಂಡಿ ಎಲ್ಲಿ, ರಾಟೆ ಎಲ್ಲಿ, ಮೆಟ್ಟಿಲಿನ ಮುಚ್ಚಳ ಯಾವ ಕಡೆಗೆ ತೆರೆಯುತ್ತದೆ ಎಂದು ಎಣಿಸಬಹುದು. ಗಾಳಿಬದಿಯಿಂದ ತೆಗೆದದ್ದಾದರೆ ನೀರಿನಿಂದ ಮೇಲೆದ್ದ ಒದ್ದೆ ಅಡಿಭಾಗ ಕಾಣುತ್ತದೆ, ಅದರ ಬಾಗು ಸಿಗುತ್ತದೆ. ಕೂವೆಯನ್ನು ಎಳೆದು ನಿಲ್ಲಿಸಿದ ತಂತಿಗಳು ಎಷ್ಟು, ಹಾಯಿಯ ಬಟ್ಟೆಯ ಪಟ್ಟಿಗಳನ್ನು ಯಾವ ದಿಕ್ಕಿಗೆ ಹೊಲಿದಿದ್ದಾರೆ, ಗಾಳಿ ಹೆಚ್ಚಾದಾಗ ಹಾಯಿ ಮಡಚುವ ದಾರಗಳ ಸಾಲು ಎಷ್ಟು ಎಂಬುದಕ್ಕೂ ಉತ್ತರವಿದೆ. ನಕ್ಷೆ ಹೇಳುವುದು ಕಟ್ಟಬೇಕೆಂದುಕೊಂಡದ್ದನ್ನು. ಕಟ್ಟಿದ ಮೇಲೆ ನಾಯಕರು ಹತ್ತಾರು ಬದಲಾವಣೆ ಮಾಡಿಸಿರುತ್ತಾರೆ, ಅದು ಯಾವ ನಕ್ಷೆಯಲ್ಲೂ ಬರುವುದಿಲ್ಲ. ಎಸೆಕ್ಸ್‌ನ ಆ ಮೀನುಗಾರರ ಭಂಗಿಗಳು ಕೆಲಸಕ್ಕೆ ಬರುವುದು ಇಲ್ಲಿ. ಮೂವರು ಒಂದೆಡೆ ಬೆನ್ನು ಬಾಗಿಸಿ ಹಿಂದಕ್ಕೆ ಜಗ್ಗುತ್ತಿದ್ದರೆ ಅಲ್ಲೊಂದು ಹಗ್ಗದ ದಾರಿ ಇದೆ ಎಂದೇ ಅರ್ಥ. ಆ ಹಗ್ಗ ಎಲ್ಲಿಂದ ಬಂತೆಂದು ಹಿಂದಕ್ಕೆ ಹುಡುಕಿಕೊಂಡು ಹೋದರೆ, ಕಾಣದ ರಾಟೆಯೊಂದರ ಸ್ಥಾನ ಸಿಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಫಲಕಗಳು ದಾರಿ ತಪ್ಪಿಸುತ್ತವೆ. ಆ ಕಾಲದ ಗಾಜಿನ ಲೇಪಕ್ಕೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಮಾತ್ರ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ನೀಲಿ ಆಕಾಶ ಖಾಲಿ ಬಿಳಿಯಾಗಿ, ಕೆಂಪು ಬಣ್ಣ ಬಳಿದದ್ದೆಲ್ಲ ಕಪ್ಪಾಗಿ ಬಂದಿರುತ್ತದೆ. ಫೋಟೊ ನೋಡಿ ಬಣ್ಣ ಕಲಸಲು ಹೋದವನು ಕೆಡುತ್ತಾನೆ. ಬಣ್ಣಕ್ಕೆ ಹಲಗೆಯನ್ನೇ ಕೆರೆಯಬೇಕು. ಪದರ ಪದರವಾಗಿ ಕೆರೆಯುತ್ತ ಹೋದರೆ ಕಟ್ಟಕಡೆಯದು ಮೊದಲ ದಿನದ ಬಣ್ಣ.

ಇಷ್ಟೆಲ್ಲ ಬದಲಿಸಿದ ಮೇಲೆ ಅದು ಅದೇ ನೌಕೆಯೇ? ಯುರೋಪಿನಲ್ಲಿ ಇದರ ಮೇಲೆ ದೊಡ್ಡ ಚರ್ಚೆಗಳಾಗುತ್ತವೆ. ನಮ್ಮ ಊರುಗಳಲ್ಲಿ ತೇರಿನ ಗಾಲಿ ಸವೆದರೆ ಗಾಲಿ, ಅಚ್ಚು ಮುರಿದರೆ ಅಚ್ಚು, ತೊಲೆ ಹುಳು ಹಿಡಿದರೆ ತೊಲೆ ಬದಲಿಸುತ್ತೇವೆ. ರಥಬೀದಿಗೆ ಬಂದದ್ದು ಅಜ್ಜನ ಕಾಲದ ತೇರೇ ಎಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನು ಎಳೆಯುವ ಕೈಗಳು ತಪ್ಪಬಾರದು, ಅಷ್ಟೆ.

ಫ್ರಾನ್ಸಿನ ಎರಿಕ್ ಟಬಾರ್ಲಿ ಇದನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡ. ಅವನ ಅಪ್ಪ 1938ರಲ್ಲಿ ಕೊಂಡ ಪೆನ್ ಡ್ವಿಕ್, 1898ರಲ್ಲಿ ಫೈಫ್ ರೂಪಿಸಿದ ನೌಕೆ. ಯುದ್ಧಕಾಲದಲ್ಲಿ ಕೆಸರಿನಲ್ಲಿ ಬಿದ್ದು ಕೊಳೆತಿತ್ತು. ಹೊಸ ಮರ ಹಾಕಿಸಲು ದುಡ್ಡಿಲ್ಲದ ಟಬಾರ್ಲಿ 1958ರಲ್ಲಿ ಹಳೆಯ ಒಡಲನ್ನೇ ಅಚ್ಚಾಗಿಟ್ಟುಕೊಂಡು ಅದರ ಮೇಲೆ ಫೈಬರ್ ಗಾಜಿನ ಒಡಲು ಎರೆದ. ಶುದ್ಧವಾದಿಗಳು ಮೂಗು ಮುರಿದಿರಬಹುದು. ಆದರೆ ಆ ಹುಚ್ಚೇ ಅವನನ್ನು ಜಗತ್ತಿನ ದೊಡ್ಡ ನಾವಿಕರಲ್ಲಿ ಒಬ್ಬನನ್ನಾಗಿ ಮಾಡಿತು. ಒಬ್ಬನೇ ಅಟ್ಲಾಂಟಿಕ್ ದಾಟುವ ಪಂದ್ಯ ಗೆದ್ದ. 1998ರಲ್ಲಿ ನೌಕೆಗೆ ನೂರು ತುಂಬಿತು. ಫೈಫ್ ನೌಕೆಗಳೆಲ್ಲ ಫೇರ್ಲಿಯಲ್ಲಿ ಕೂಡುವ ಸಂಭ್ರಮಕ್ಕೆ ಹೊರಟವನು ಜೂನ್ 12ರ ನಡುರಾತ್ರಿ ದಾಟುವ ಹೊತ್ತಿಗೆ, ವೇಲ್ಸ್ ತೀರದಾಚೆ, ಹಾಯಿ ತಗ್ಗಿಸುವಾಗ ಮೇಲಿನ ಮರದ ತೋಳಿನ ಏಟಿಗೆ ಸಮುದ್ರಕ್ಕೆ ಬಿದ್ದು ತೀರಿಕೊಂಡ. ಮೈಗೆ ಹಗ್ಗ ಕಟ್ಟಿಕೊಂಡಿರಲಿಲ್ಲ. ಪೆನ್ ಡ್ವಿಕ್ ಈಗಲೂ ಓಡುತ್ತಿದೆ.

ಈ ನೌಕೆಗಳ ಮರಕ್ಕೂ ನಮಗೂ ಒಂದು ಹಳೆಯ ನಂಟಿದೆ. ಓಕ್ ಮರಗಳು ಮುಗಿಯ ಬಂದಾಗ ಇಂಗ್ಲಿಷರ ಕಣ್ಣು ಬಿದ್ದದ್ದು ಪಶ್ಚಿಮಘಟ್ಟದ ತೇಗದ ಮೇಲೆ. ಮಲಬಾರ್, ಕೆನರಾ ಕಾಡುಗಳ ದಿಮ್ಮಿಗಳು ಹೊಳೆಗಳಲ್ಲಿ ತೇಲಿ, ಕಡಲು ಹತ್ತಿ ಬೊಂಬಾಯಿಯ ಹಡಗುಕಟ್ಟೆ ಸೇರಿದವು. ಅಲ್ಲಿನ ಪಾರ್ಸಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆಯನ್ನು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಹತ್ತಿ ನೋಡಬಹುದು. ತೇಗದಲ್ಲಿ ತನ್ನದೇ ಎಣ್ಣೆ ಇರುವುದರಿಂದ ನೀರಿಗೂ ಹುಳುವಿಗೂ ಅದು ಬೇಗ ಬಗ್ಗುವುದಿಲ್ಲ, ಮೊಳೆಯನ್ನೂ ತಿನ್ನುವುದಿಲ್ಲ. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು, ತರಕಾರಿ ಹೊತ್ತು ಹೋಗುವ ಮಂಜಿ ಎಂಬ ಮರದ ಹಡಗುಗಳನ್ನು ನೋಡಿದವರಿಗೆ ಹಲಗೆಯ ಸಂದಿಗೆ ಹತ್ತಿ ಬಡಿಯುವ ಸದ್ದು ಹೊಸದಲ್ಲ. ಈಗ ಅವು ಎಂಜಿನ್ನಿನಿಂದ ಓಡುತ್ತವೆ. ಹಾಯಿಯ ಮಂಜಿ ನೋಡಿದವರು ನಮ್ಮ ನಡುವೆ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಫ್ರಾಂಕ್ ಬೀಕನ್ ತೊಂಬತ್ತರ ಹತ್ತಿರ ಬದುಕಿ 1970ರಲ್ಲಿ ತೀರಿಕೊಂಡ. ಮಗ ಕೀತ್ ಕೂಡ ಔಷಧಿಯನ್ನೇ ಓದಿ, ಅಪ್ಪನ ಪೆಟ್ಟಿಗೆಯನ್ನೇ ಹಿಡಿದು, ಹಲ್ಲಿನಲ್ಲೇ ಶಟರ್ ಒತ್ತಿ, ಆಮೇಲೆ ಹೊಸ ಕ್ಯಾಮೆರಾಗಳಿಗೂ ಒಗ್ಗಿಕೊಂಡು 2007ರವರೆಗೆ ಬಾಳಿದ. ಮೊಮ್ಮಗ ಕೆನೆತ್ ಬಣ್ಣದ ಕಾಲಕ್ಕೆ ಬಂದ. ಅಪ್ಪ, ಮಗ, ಮೊಮ್ಮಗ ಸೇರಿ ಉಳಿಸಿದ ಚಿತ್ರಗಳು ಲಕ್ಷಗಟ್ಟಲೆ. ಅದರಲ್ಲಿ ಹತ್ತಾರು ಸಾವಿರ ಗಾಜಿನವು. ಅಮೆರಿಕದಲ್ಲಿ ಇದಕ್ಕೆ ಸಾಟಿ ಎಂದರೆ ನ್ಯೂಯಾರ್ಕಿನ ಮಾರಿಸ್ ರೋಸೆನ್‌ಫೆಲ್ಡ್ ಮತ್ತು ಅವನ ಮಕ್ಕಳ ಸಂಗ್ರಹ, ಅದು ಈಗ ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ರಾಜನೌಕೆಗಳಲ್ಲಿ ಒಂದೂ ಫ್ರಾಂಕನದಾಗಿರಲಿಲ್ಲ. ಮಾಲೀಕರು ಮಾರಿದರು, ಮುಳುಗಿಸಿದರು, ಮರೆತರು. ಇವತ್ತು ಆ ನೌಕೆಗಳು ಹೇಗಿದ್ದವು ಎಂದು ಕೇಳಬೇಕಾದರೆ ಔಷಧಿ ಅಂಗಡಿಯವನ ಪೆಟ್ಟಿಗೆಗೇ ಹೋಗಬೇಕು.

ಕುಂದಾಪುರ, ಹೊನ್ನಾವರ, ಕಾರವಾರ, ಮಂಗಳೂರಿನ ಹಳೆಯ ಮನೆಗಳ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ ಹಾಯಿ ಬಿಚ್ಚಿದ ಮಂಜಿಯ, ದೋಣಿ ಕಟ್ಟುವ ಕೊಟ್ಟಿಗೆಯ ಒಂದು ಮಸುಕು ಫೋಟೊ ಇದ್ದರೂ ಎಸೆಯಬೇಡಿ. ಹಿಂಬದಿಯಲ್ಲಿ ಊರು, ವರ್ಷ, ದೋಣಿಯ ಹೆಸರು ಬರೆದಿಡಿ. ಹಗ್ಗ ಎಳೆಯುತ್ತಿರುವವನು ಯಾರೆಂದು ಮನೆಯ ಹಿರಿಯರಿಗೆ ಗೊತ್ತಿದ್ದರೆ, ಅವನ ಹೆಸರನ್ನೂ.